ನಿಮ್ಮ ಚರ್ಮಕ್ಕೆ ಒಗ್ಗುವ ಮಾಯಿಶ್ಚರೈಸರ್ ಆರಿಸುವ ಬಗೆ

“ಮುಖದಲ್ಲಿ ಸದಾ ಜಿಡ್ಡು, ಆದರೂ ತೊಳೆದ ಕೂಡಲೇ ಚರ್ಮ ಬಿಗಿಯುತ್ತದೆ, ಯಾವ ಕ್ರೀಮ್ ಹಚ್ಚಲಿ?” ಎಂಬ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಓದುಗರಿಂದ ಮತ್ತೆ ಮತ್ತೆ ಬರುತ್ತಲೇ ಇದೆ. ಕೇಳುವವರು ಸಾಮಾನ್ಯವಾಗಿ ಒಂದು ಬ್ರ್ಯಾಂಡಿನ ಹೆಸರನ್ನು ನಿರೀಕ್ಷಿಸಿರುತ್ತಾರೆ. ಆದರೆ ಮಂಗಳೂರಿನ ಸೆಕೆಯಲ್ಲಿ ಒಬ್ಬರಿಗೆ ಒಗ್ಗಿದ ಕ್ರೀಮ್, ಅವರೇ ಕಲಬುರಗಿಗೆ ವರ್ಗವಾಗಿ ಹೋದರೆ ಅಲ್ಲಿನ ಒಣಗಾಳಿಗೆ ಸಾಲದೆ ಹೋಗಬಹುದು. ಅಕ್ಕನಿಗೆ ಒಪ್ಪಿದ್ದು ತಂಗಿಯ ಮುಖದಲ್ಲಿ ಮೊಡವೆ ಎಬ್ಬಿಸಬಹುದು. ಹಾಗಾಗಿ ಇಲ್ಲಿ ಯಾವ ಬ್ರ್ಯಾಂಡನ್ನೂ ಶಿಫಾರಸು ಮಾಡಿಲ್ಲ. ನಿಮ್ಮ ಚರ್ಮ ಹೇಗೆ ವರ್ತಿಸುತ್ತದೆ, ನೀವಿರುವ ಊರಿನ ಹವೆ ಎಂಥದು, ಟ್ಯೂಬಿನ ಹಿಂಬದಿಯಲ್ಲಿ ಏನು ಬರೆದಿದೆ ಎಂಬ ಮೂರನ್ನೂ ಕೂಡಿಸಿ ನೋಡಲು ಬಂದರೆ, ಯಾವ ಊರಿನ ಯಾವ ಔಷಧಿ ಅಂಗಡಿಯಲ್ಲಾದರೂ ನೀವೇ ಆರಿಸಬಲ್ಲಿರಿ.

ಮಾಯಿಶ್ಚರೈಸರ್ ಏನು ಮಾಡುತ್ತದೆ?

ನಮ್ಮ ಚರ್ಮದ ಎಲ್ಲಕ್ಕಿಂತ ಹೊರಗಿನ ಪದರ ಬಹಳ ತೆಳುವಾದದ್ದು. ಅದರ ಕೋಶಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳೆಂಬ ಕೊಬ್ಬಿನ ವಸ್ತುಗಳು ತುಂಬಿಕೊಂಡು, ಒಳಗಿನ ನೀರು ಆವಿಯಾಗಿ ಹೋಗದಂತೆಯೂ ಹೊರಗಿನ ಕಿರಿಕಿರಿಯ ವಸ್ತುಗಳು ಒಳಗೆ ಇಳಿಯದಂತೆಯೂ ತಡೆಯುತ್ತವೆ. ಇದನ್ನು ಚರ್ಮದ ರಕ್ಷಣಾ ಪದರ ಎನ್ನುತ್ತಾರೆ. ಈ ಪದರ ಸವೆದಾಗ ನೀರಿನಂಶ ಬೇಗ ಆರಿಹೋಗಿ ಚರ್ಮ ಬಿಗಿಯುತ್ತದೆ, ಉರಿಯುತ್ತದೆ, ಸಿಪ್ಪೆ ಏಳುತ್ತದೆ. ಮಾಯಿಶ್ಚರೈಸರಿನ ಕೆಲಸ ಈ ನೀರನ್ನು ಅಲ್ಲೇ ಉಳಿಸಿ, ಪದರವು ತಾನಾಗಿ ದುರಸ್ತಿಯಾಗಲು ಅವಕಾಶ ಮಾಡಿಕೊಡುವುದು. ಬಣ್ಣ ಬೆಳ್ಳಗಾಗಿಸುವುದು, ರಂಧ್ರಗಳನ್ನು ಮುಚ್ಚುವುದು, ವಯಸ್ಸನ್ನು ಹಿಂದಕ್ಕೆ ತರುವುದು ಅದರ ಕೆಲಸಗಳಲ್ಲ. ಅಂಥ ಭರವಸೆಗಳಿಗೆ ಹೆಚ್ಚಿನ ಹಣ ಕೊಡುವ ಅಗತ್ಯವೂ ಇಲ್ಲ.

ಮುಂದಿನ ಹಂತಗಳಿಗೆ ಬೇಕಾದುದು ಸ್ವಲ್ಪವೇ: ನೊರೆ ಕಡಿಮೆ ಬರುವ, ಸುವಾಸನೆಯಿಲ್ಲದ ಒಂದು ಸೌಮ್ಯ ಫೇಸ್ ವಾಶ್, ನಾಲ್ಕಾರು ಟಿಶ್ಯೂ ಕಾಗದ, ಸಣ್ಣ ಅಕ್ಷರಗಳನ್ನು ಹಿಗ್ಗಿಸಿ ಓದಲು ಮೊಬೈಲಿನ ಕ್ಯಾಮೆರಾ, ಮತ್ತು ಸುಮಾರು ಎರಡು ತಿಂಗಳಷ್ಟು ತಾಳ್ಮೆ.

ಹಂತ 1: ಚರ್ಮದ ಸ್ವಭಾವವನ್ನು ಕಂಡುಕೊಳ್ಳಿ

ರಜೆಯ ದಿನ ಮನೆಯಲ್ಲಿರುವಾಗ ಮುಖವನ್ನು ಸೌಮ್ಯ ಫೇಸ್ ವಾಶ್‌ನಿಂದ ತೊಳೆದು, ಹತ್ತಿಬಟ್ಟೆಯಿಂದ ಒತ್ತಿ ಒರೆಸಿ, ಏನನ್ನೂ ಹಚ್ಚದೆ ಸುಮಾರು ಒಂದು ಗಂಟೆ ಬಿಡಿ. ಫ್ಯಾನಿನ ನೇರ ಗಾಳಿಗೆ ಕುಳಿತುಕೊಳ್ಳಬೇಡಿ, ಅಡುಗೆಮನೆಯ ಬಿಸಿಗೂ ಹೋಗಬೇಡಿ. ಬಳಿಕ ಕಿಟಕಿಯ ಬೆಳಕಿನಲ್ಲಿ ಕನ್ನಡಿ ನೋಡಿ. ಹಣೆ, ಮೂಗು, ಗಲ್ಲ ಮತ್ತು ಎರಡು ಕೆನ್ನೆಗಳಿಗೆ ಬೇರೆ ಬೇರೆ ಟಿಶ್ಯೂ ತುಂಡುಗಳನ್ನು ಒತ್ತಿ ಹಿಡಿದು, ಬೆಳಕಿಗೆ ಎತ್ತಿ ನೋಡಿ.

ಎಲ್ಲ ತುಂಡುಗಳಲ್ಲೂ ಎಣ್ಣೆಯ ಪಾರದರ್ಶಕ ಕಲೆ ಕಂಡರೆ ನಿಮ್ಮದು ಎಣ್ಣೆಚರ್ಮ. ಎಲ್ಲಿಯೂ ಕಲೆಯಿಲ್ಲದೆ, ನಗುವಾಗ ಕೆನ್ನೆ ಬಿಗಿದಂತಾಗಿ, ಬಾಯಿಯ ಅಂಚಿನಲ್ಲಿ ಸಣ್ಣ ಸಿಪ್ಪೆ ಕಂಡರೆ ಒಣಚರ್ಮ. ಹಣೆ ಮತ್ತು ಮೂಗಿನ ತುಂಡುಗಳಲ್ಲಿ ಮಾತ್ರ ಕಲೆಯಿದ್ದು ಕೆನ್ನೆ ಒಣಗಿದ್ದರೆ ಮಿಶ್ರ ಚರ್ಮ. ಜಿಡ್ಡೂ ಇಲ್ಲ, ಬಿಗಿತವೂ ಇಲ್ಲ ಎಂದಾದರೆ ಸಾಮಾನ್ಯ ಚರ್ಮ. ಅಂಥವರು ಹಗುರವಾದ ಯಾವ ಲೋಷನ್ ಹಚ್ಚಿದರೂ ನಡೆಯುತ್ತದೆ.

ಸೂಕ್ಷ್ಮ ಚರ್ಮ ಎಂಬುದು ಈ ನಾಲ್ಕರ ಜೊತೆಗಿನ ಐದನೆಯ ವಿಧವಲ್ಲ. ಎಣ್ಣೆಚರ್ಮವೂ ಸೂಕ್ಷ್ಮವಾಗಿರಬಹುದು, ಒಣಚರ್ಮವೂ ಸೂಕ್ಷ್ಮವಾಗಿರಬಹುದು. ಹೊಸದೇನು ಹಚ್ಚಿದರೂ ಉರಿ, ಚುಚ್ಚಿದ ಹಾಗೆ ಅನ್ನಿಸುವುದು ಅಥವಾ ತುರಿಕೆ ಬರುವುದು ಅದರ ಗುರುತು. ಹೊರದೇಶದ ಬರಹಗಳಲ್ಲಿ “ಕೆಂಪಾಗುವುದನ್ನು ಗಮನಿಸಿ” ಎಂದಿರುತ್ತದೆ. ಗೋಧಿ ಮತ್ತು ಕಪ್ಪು ಬಣ್ಣದ ಚರ್ಮದಲ್ಲಿ ಕೆಂಪು ಸ್ಪಷ್ಟವಾಗಿ ಕಾಣುವುದಿಲ್ಲ, ಬದಲಿಗೆ ಆ ಜಾಗ ಕಂದಾಗಿ ಆಮೇಲೆ ವಾರಗಟ್ಟಲೆ ಕಪ್ಪು ಕಲೆಯಾಗಿ ಉಳಿಯುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವುದಕ್ಕಿಂತ ಚರ್ಮಕ್ಕೆ ಅನ್ನಿಸುವುದನ್ನೇ ಹೆಚ್ಚು ನಂಬಿ.

ಈಗ ಆರಂಭದ ಪ್ರಶ್ನೆಗೆ ಬರೋಣ. ಜಿಡ್ಡೂ ಇದೆ, ಬಿಗಿತವೂ ಇದೆ ಎನ್ನುವವರಲ್ಲಿ ಎಣ್ಣೆಗ್ರಂಥಿಗಳು ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಹೊರಪದರದಲ್ಲಿ ನೀರಿನ ಕೊರತೆಯಿರುತ್ತದೆ. ಎಣ್ಣೆಯೇ ಬೇರೆ, ನೀರೇ ಬೇರೆ. ಒಣಚರ್ಮ ಎಂದರೆ ಎಣ್ಣೆಯ ಕೊರತೆ, ಅದು ಬಹುಮಟ್ಟಿಗೆ ಹುಟ್ಟಿನಿಂದ ಅಥವಾ ವಯಸ್ಸಿನಿಂದ ಬಂದದ್ದು. ನೀರಾರಿದ ಚರ್ಮ ಎಂದರೆ ತಾತ್ಕಾಲಿಕ ಸ್ಥಿತಿ, ಅದು ಯಾರಿಗೆ ಬೇಕಾದರೂ ಬರಬಹುದು. ಅದಕ್ಕೆ ಕಾರಣವನ್ನು ಹುಡುಕಬೇಕಾದದ್ದು ಮೊದಲು ಸೋಪಿನ ಡಬ್ಬಿಯಲ್ಲಿ.

ಹಂತ 2: ಕ್ರೀಮ್ ಕೊಳ್ಳುವ ಮೊದಲು ತೊಳೆಯುವ ರೀತಿಯನ್ನು ಸರಿಪಡಿಸಿ

ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯವಾದದ್ದು. ಆಮ್ಲ ಮತ್ತು ಕ್ಷಾರದ ಗುಣವನ್ನು ಅಳೆಯುವ ಪಿಎಚ್ ಮಾಪನದಲ್ಲಿ ಅದು ಸುಮಾರು 5ರ ಆಸುಪಾಸಿನಲ್ಲಿರುತ್ತದೆ. ಮೈಗೆ ಹಚ್ಚುವ ಸಾಮಾನ್ಯ ಸೋಪಿನ ಪಿಎಚ್ 9ರಿಂದ 10. ದಿನಕ್ಕೆ ಮೂರ್ನಾಲ್ಕು ಬಾರಿ ಅದೇ ಸೋಪಿನಿಂದ ಮುಖ ಉಜ್ಜಿದರೆ, ಮುಖದ ಜಿಡ್ಡಿನ ಜೊತೆಗೆ ಕೋಶಗಳ ನಡುವಿನ ಕೊಬ್ಬೂ ತೊಳೆದುಹೋಗುತ್ತದೆ. ನಮ್ಮ ಬಹಳಷ್ಟು ಊರುಗಳಲ್ಲಿ ಬೋರ್‌ವೆಲ್‌ನ ಗಡಸು ನೀರು ಇದನ್ನು ಇನ್ನಷ್ಟು ಹದಗೆಡಿಸುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಡನೆ ಸೇರಿ ಕರಗದ ಗಸಿಯಾಗುತ್ತವೆ. ಬಕೆಟ್ಟಿನ ಅಂಚಿಗೆ ಹಿಡಿಯುವ ಆ ಬಿಳಿ ಗಸಿಯೇ ಮುಖದ ಮೇಲೂ ತೆಳುವಾಗಿ ಉಳಿದು ತುರಿಕೆ ತರುತ್ತದೆ. ಸೋಪಲ್ಲದ ಸೌಮ್ಯ ಶೋಧಕಗಳಿಂದ ಮಾಡಿದ ಫೇಸ್ ವಾಶ್ ಮತ್ತು ಸಿಂಡೆಟ್ ಬಾರ್‌ಗಳಲ್ಲಿ ಈ ತೊಂದರೆ ಇರುವುದಿಲ್ಲ. ಸಿಂಡೆಟ್ ಎಂದರೆ ನೋಡಲು ಸೋಪಿನ ಹಾಗಿದ್ದರೂ ಕ್ಷಾರದ ಗುಣವಿಲ್ಲದ ಬಿಲ್ಲೆ. ಔಷಧಿ ಅಂಗಡಿಯಲ್ಲಿ ಇದೇ ಹೆಸರಿನಿಂದ ಕೇಳಿದರೆ ಸಿಗುತ್ತದೆ.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೊಳೆದರೆ ಸಾಕು. ನಡುವೆ ಬೆವರಿದರೆ ಬರಿಯ ನೀರು ಸಾಕಾಗುತ್ತದೆ. ಸ್ನಾನದ ಹಬೆಯಾಡುವ ಬಿಸಿನೀರನ್ನು ಮುಖಕ್ಕೆ ಸುರಿಯಬೇಡಿ. ಕಡಲೆಹಿಟ್ಟನ್ನು ಒರಟಾಗಿ ತಿಕ್ಕುವುದು, ನಿಂಬೆಹಣ್ಣಿನ ಹೋಳಿನಿಂದ ಮುಖ ಉಜ್ಜುವುದು ಎರಡನ್ನೂ ನಿಲ್ಲಿಸಿ. ನಿಂಬೆರಸ ಸೋಪಿನ ತದ್ವಿರುದ್ಧ ತುದಿಗೆ, ತೀವ್ರ ಆಮ್ಲದ ಕಡೆಗೆ ಒಯ್ಯುತ್ತದೆ, ಮತ್ತು ಅದರ ರಸ ಹಚ್ಚಿ ಬಿಸಿಲಿಗೆ ಹೋದವರಿಗೆ ಸುಟ್ಟಂಥ ಕಲೆಗಳಾಗುವುದುಂಟು.

ಈ ಬದಲಾವಣೆಯನ್ನು ಎರಡು ವಾರ ಪಾಲಿಸಿದ ನಂತರ ಒಂದನೆಯ ಹಂತದ ಟಿಶ್ಯೂ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಜಿಡ್ಡು ಮತ್ತು ಬಿಗಿತ ಒಟ್ಟಿಗೆ ಇದ್ದ ಎಷ್ಟೋ ಜನರಿಗೆ ಈ ಹೊತ್ತಿಗೆ ಬಿಗಿತ ಹೋಗಿರುತ್ತದೆ. ಎರಡನೆಯ ಫಲಿತಾಂಶವನ್ನೇ ನಿಜವೆಂದು ಹಿಡಿಯಿರಿ.

ಹಂತ 3: ಒಳಗಿರುವ ಮೂರು ಬಗೆಯ ವಸ್ತುಗಳನ್ನು ಗುರುತಿಸಿ

ಅಂಗಡಿಯಲ್ಲಿ ನೂರು ಬಗೆಯ ಕ್ರೀಮ್‌ಗಳಿದ್ದರೂ ಅವುಗಳ ಕೆಲಸ ನಡೆಯುವುದು ಮೂರೇ ಗುಂಪಿನ ವಸ್ತುಗಳಿಂದ.

ಮೊದಲನೆಯದು ನೀರನ್ನು ಸೆಳೆದು ಹಿಡಿಯುವ ಗುಂಪು: ಗ್ಲಿಸರಿನ್, ಹಯಲುರಾನಿಕ್ ಆಸಿಡ್, ಪ್ಯಾಂಥೆನಾಲ್, ಸಾರ್ಬಿಟಾಲ್, ಯೂರಿಯಾ. ಇವುಗಳಲ್ಲಿ ಗ್ಲಿಸರಿನ್ ಎಲ್ಲಕ್ಕಿಂತ ಅಗ್ಗ. ನನ್ನ ಅಭಿಪ್ರಾಯದಲ್ಲಿ ಅದೇ ಎಲ್ಲಕ್ಕಿಂತ ನಂಬಿಕಸ್ಥ ವಸ್ತುವೂ ಹೌದು. ಹಯಲುರಾನಿಕ್ ಆಸಿಡ್ ಹೆಸರಿಗಾಗಿ ಮೂರು ಪಟ್ಟು ಬೆಲೆ ಕೊಡುವ ಮುನ್ನ ಇದನ್ನು ನೆನಪಿಡಿ.

ಎರಡನೆಯದು ಒರಟನ್ನು ನಯಗೊಳಿಸುವ ಗುಂಪು: ಸ್ಕ್ವಾಲೇನ್, ಸೀಟೈಲ್ ಆಲ್ಕೋಹಾಲ್, ಸ್ಟಿಯರೈಲ್ ಆಲ್ಕೋಹಾಲ್, ಬೇರೆ ಬೇರೆ ಎಣ್ಣೆಗಳು. ಏಳುತ್ತಿರುವ ಸಿಪ್ಪೆಗಳ ಸಂದುಗಳನ್ನು ತುಂಬಿ ಚರ್ಮ ಮೃದುವಾಗುವಂತೆ ಇವು ಮಾಡುತ್ತವೆ. ಸೆರಮೈಡ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚರ್ಮದ ಸ್ವಂತ ಕೊಬ್ಬಿನಲ್ಲಿ ಕಡಿಮೆಯಾದದ್ದನ್ನು ಪೂರೈಸುತ್ತವೆ.

ಮೂರನೆಯದು ಮೇಲಿಂದ ಮುಚ್ಚಿ ಆವಿಯನ್ನು ತಡೆಯುವ ಗುಂಪು: ಪೆಟ್ರೋಲೇಟಂ, ಅಂದರೆ ಮನೆಮನೆಯಲ್ಲೂ ವ್ಯಾಸಲಿನ್ ಎಂದೇ ಕರೆಯುವ ಪೆಟ್ರೋಲಿಯಂ ಜೆಲ್ಲಿ, ಡೈಮೆಥಿಕೋನ್, ಶಿಯಾ ಬಟರ್, ಜೇನುಮೇಣ, ಲ್ಯಾನೋಲಿನ್. ನೀರು ತಡೆಯುವುದರಲ್ಲಿ ಪೆಟ್ರೋಲೇಟಂ ಅನ್ನು ಮೀರಿಸಿದ್ದು ಯಾವುದೂ ಇಲ್ಲ, ಆದರೆ ಅದು ಭಾರ ಮತ್ತು ಅಂಟು. ಡೈಮೆಥಿಕೋನ್ ಸಿಲಿಕೋನ್ ವರ್ಗದ್ದು. ಅಂಟಿಲ್ಲದೆ ತೆಳುವಾಗಿ ಹರಡುವುದರಿಂದ ಎಣ್ಣೆಚರ್ಮದವರಿಗೆ ಇದು ಹೆಚ್ಚು ಹೊಂದುತ್ತದೆ.

ಮೊದಲ ಗುಂಪಿನದನ್ನು ಮಾತ್ರ ಹಚ್ಚಿ ಒಣಗಾಳಿಗೆ ಹೋದರೆ, ಗಾಳಿಯಲ್ಲಿ ನೀರಿಲ್ಲದ್ದರಿಂದ ಸೆಳೆದ ನೀರು ಬಿಸಿಲಿಗೆ ಹರವಿದ ಒದ್ದೆ ಬಟ್ಟೆಯ ನೀರಿನಂತೆ ಬೇಗ ಆರಿಹೋಗುತ್ತದೆ. ಹೆಚ್ಚಾಗಿ ಈ ಗುಂಪಿನ ವಸ್ತುಗಳೇ ಇರುವ ಸೀರಮ್ ಎಂಬ ತೆಳು ದ್ರವ ಹಚ್ಚಿದ ಮೇಲೂ ಮುಖ ಬಿಗಿಯುತ್ತದೆ ಎಂದು ದೂರುವವರ ಸಮಸ್ಯೆ ಸಾಮಾನ್ಯವಾಗಿ ಇದೇ. ಅದರ ಮೇಲೆ ಮೂರನೆಯ ಗುಂಪಿನ ಒಂದು ಪದರ ಬೇಕು.

ಹಂತ 4: ಚರ್ಮ, ಊರು ಮತ್ತು ಋತುವಿಗೆ ಹೊಂದಿಸಿ

ಮಾರುಕಟ್ಟೆಯ ಮಾಯಿಶ್ಚರೈಸರ್‌ಗಳು ಹಗುರದಿಂದ ಭಾರದ ಕಡೆಗೆ ಜೆಲ್, ಲೋಷನ್, ಕ್ರೀಮ್, ಆಯಿಂಟ್‌ಮೆಂಟ್ ಎಂಬ ಕ್ರಮದಲ್ಲಿ ಸಾಗುತ್ತವೆ. ಜೆಲ್‌ನಲ್ಲಿ ನೀರು ಹೆಚ್ಚು, ಎಣ್ಣೆ ಇಲ್ಲವೇ ಇಲ್ಲ ಅಥವಾ ಅತ್ಯಲ್ಪ. ಆಯಿಂಟ್‌ಮೆಂಟಿನಲ್ಲಿ ಬಹುತೇಕ ಎಲ್ಲವೂ ಜಿಡ್ಡೇ.

ಎಣ್ಣೆಚರ್ಮದವರು “ನಮಗೆ ಮಾಯಿಶ್ಚರೈಸರ್ ಬೇಡ” ಎಂದುಕೊಳ್ಳುವುದು ಸಾಮಾನ್ಯ. ಸೆಕೆಗಾಲದಲ್ಲಿ ಬಿಗಿತವಿಲ್ಲದಿದ್ದರೆ ಹಗಲಿನಲ್ಲಿ ಸನ್‌ಸ್ಕ್ರೀನ್ ಒಂದೇ ಸಾಕಾಗಬಹುದು ಎಂಬುದು ನಿಜ. ಆದರೆ ಮೊಡವೆಗೆಂದು ವೈದ್ಯರು ಬರೆದುಕೊಡುವ ಅಡಾಪಲೀನ್, ಬೆಂಜಾಯಿಲ್ ಪೆರಾಕ್ಸೈಡ್, ಟ್ರೆಟಿನಾಯಿನ್ ಮುಂತಾದ ಔಷಧಗಳು ಚರ್ಮವನ್ನು ಒಣಗಿಸುತ್ತವೆ. ಉರಿ ತಾಳಲಾರದೆ ಜನ ಮೂರನೆಯ ವಾರಕ್ಕೇ ಔಷಧ ಬಿಟ್ಟುಬಿಡುತ್ತಾರೆ, ಮೊಡವೆ ಮರಳಿ ಬರುತ್ತದೆ. ಇಂಥವರಿಗೆ ಮಾಯಿಶ್ಚರೈಸರ್ ಚಿಕಿತ್ಸೆಯದೇ ಭಾಗ. ಗ್ಲಿಸರಿನ್ ಮತ್ತು ಡೈಮೆಥಿಕೋನ್ ಇರುವ ಜೆಲ್ ಅಥವಾ ತೆಳು ಲೋಷನ್ ನೋಡಿ. ನಯಾಸಿನಮೈಡ್, ಅಂದರೆ ಬಿ3 ಜೀವಸತ್ವದ ಒಂದು ರೂಪ, ಶೇ. 2ರಿಂದ 5ರಷ್ಟು ಇದ್ದರೆ ಒಳ್ಳೆಯದು, ಶೇ. 10 ಎಂದು ದೊಡ್ಡದಾಗಿ ಬರೆದಿರುವುದು ಸೂಕ್ಷ್ಮ ಚರ್ಮದವರಿಗೆ ಉರಿ ತರಬಹುದು.

ತೆಂಗಿನೆಣ್ಣೆಯ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ಕರಾವಳಿಯ ಮನೆಗಳಲ್ಲಿ ಅದು ತಲೆಯಿಂದ ಪಾದದವರೆಗೆ ಎಲ್ಲಕ್ಕೂ ಮದ್ದು. ಕೈಕಾಲು ಒಡೆದವರಿಗೆ, ಮೈಯ ಒಣಚರ್ಮಕ್ಕೆ ಅದು ಒಳ್ಳೆಯದೇ. ಆದರೆ ಮೊಡವೆ ಬರುವ ಮುಖಕ್ಕೆ ಅದನ್ನು ಹಚ್ಚಬೇಡಿ; ಅದು ರೋಮರಂಧ್ರಗಳನ್ನು ಕಟ್ಟಿಸುವ ಎಣ್ಣೆಗಳಲ್ಲೊಂದು. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿದು ಕೂದಲಿನ ಅಂಚಿನುದ್ದಕ್ಕೂ ಸಣ್ಣ ಗುಳ್ಳೆಗಳನ್ನು ಎಬ್ಬಿಸುವುದನ್ನೂ ನೀವು ಕಂಡಿರಬಹುದು.

ಒಣಚರ್ಮದವರಿಗೆ ಮೂರು ಗುಂಪಿನ ವಸ್ತುಗಳೂ ಇರುವ ಕ್ರೀಮ್ ಬೇಕು: ಗ್ಲಿಸರಿನ್, ಸೆರಮೈಡ್, ಜೊತೆಗೆ ಪೆಟ್ರೋಲೇಟಂ ಅಥವಾ ಶಿಯಾ ಬಟರ್. ಮುಟ್ಟು ನಿಂತ ನಂತರ ಹೆಂಗಸರಲ್ಲಿ ಎಣ್ಣೆಗ್ರಂಥಿಗಳ ಕೆಲಸ ಕುಗ್ಗುವುದರಿಂದ, ಹರೆಯದಲ್ಲಿ ಜೆಲ್ ಒಗ್ಗುತ್ತಿದ್ದವರು ಕ್ರೀಮ್‌ಗೆ ಬದಲಾಗಬೇಕಾಗುತ್ತದೆ. ಮಿಶ್ರ ಚರ್ಮದವರು ಎರಡು ಟ್ಯೂಬ್ ಕೊಳ್ಳಲು ಹಿಂಜರಿಯುತ್ತಾರೆ. ಒಂದೇ ಹಗುರ ಲೋಷನ್ನನ್ನು ಮುಖಕ್ಕೆಲ್ಲ ಒಂದು ಪದರ, ಕೆನ್ನೆಗಳಿಗೆ ಮಾತ್ರ ಎರಡು ಪದರ ಹಚ್ಚಿದರೆ ಕೆಲಸವಾಗುತ್ತದೆ. ಸೂಕ್ಷ್ಮ ಚರ್ಮದವರು ಸುವಾಸನೆಯಿಲ್ಲದ, ಪದಾರ್ಥಗಳ ಪಟ್ಟಿ ಚಿಕ್ಕದಾಗಿರುವ ಕ್ರೀಮನ್ನು ಆರಿಸಬೇಕು. ಯೂರಿಯಾ ಒಡೆದ ಹಿಮ್ಮಡಿಗೆ ಒಳ್ಳೆಯದಾದರೂ ಸೂಕ್ಷ್ಮವಾದ ಮುಖಕ್ಕೆ ಉರಿ ತರುತ್ತದೆ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಮೂಗಿನ ಎರಡೂ ಪಕ್ಕದ ಮಡಿಕೆಯಲ್ಲಿ, ಹುಬ್ಬಿನೊಳಗೆ, ಕಿವಿಯ ಹಿಂದೆ ಹಳದಿಛಾಯೆಯ ಜಿಡ್ಡಾದ ಹೊಟ್ಟು ಏಳುತ್ತಿದ್ದು, ಜೊತೆಗೆ ತಲೆಹೊಟ್ಟೂ ಇದ್ದರೆ, ಅದು ಒಣಚರ್ಮವಾಗಿರುವ ಸಂಭವ ಕಡಿಮೆ. ಅದು ಸೆಬೋರಿಕ್ ಡರ್ಮಟೈಟಿಸ್ ಎಂಬ ಉರಿಯೂತವಾಗಿರಬಹುದು. ಚರ್ಮದ ಮೇಲೆ ಎಲ್ಲರಲ್ಲೂ ಇರುವ ಮಲಸ್ಸೀಜಿಯಾ ಎಂಬ ಶಿಲೀಂಧ್ರ ಇದರ ಹಿಂದಿದ್ದು, ಅದು ಕೊಬ್ಬನ್ನೇ ತಿಂದು ಬೆಳೆಯುತ್ತದೆ. ಹೊಟ್ಟು ಕಂಡಿತೆಂದು ಎಣ್ಣೆ ಅಥವಾ ಹಾಲಿನ ಕೆನೆ ಬಳಿದಷ್ಟೂ ಅದು ಹೆಚ್ಚುತ್ತದೆ. ಇದಕ್ಕೆ ಬೇಕಾದದ್ದು ವೈದ್ಯರ ಔಷಧ.

ಇನ್ನು ಊರಿನ ಮಾತು. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಒಣಚರ್ಮದವರಿಗೂ ವರ್ಷದ ಹೆಚ್ಚಿನ ಭಾಗ ಲೋಷನ್ ಸಾಕು. ಭಾರವಾದ ಕ್ರೀಮ್ ಬೆವರಿನೊಡನೆ ಸೇರಿ ಕಸಿವಿಸಿಯಾಗುತ್ತದೆ. ಬೀದರ್, ಕಲಬುರಗಿ, ವಿಜಯಪುರ, ರಾಯಚೂರಿನ ಕಡೆ ಬೇಸಿಗೆಯ ಗಾಳಿ ಬಿಸಿ ಮಾತ್ರವಲ್ಲ, ಒಣಗಿದ್ದೂ ಹೌದು. ಅಲ್ಲಿ ಎಣ್ಣೆಚರ್ಮದವರೂ ರಾತ್ರಿ ಹೊತ್ತು ಲೋಷನ್ ಹಚ್ಚುವುದು ಒಳ್ಳೆಯದು. ಬೆಂಗಳೂರು, ಮೈಸೂರಿನಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಒಂದು ಮೆಟ್ಟಿಲು ಭಾರವಾದದ್ದಕ್ಕೆ ಹೋಗಿ, ಮಳೆಗಾಲದಲ್ಲಿ ಮತ್ತೆ ಇಳಿಯಿರಿ. ದಿನವಿಡೀ ಎಸಿ ಕೋಣೆಯಲ್ಲಿ ಕೆಲಸ ಮಾಡುವವರು ತಾವು ಕರಾವಳಿಯಲ್ಲಿದ್ದರೂ ಒಣ ಊರಿನವರೆಂದೇ ಲೆಕ್ಕ ಹಾಕಬೇಕು, ಏಕೆಂದರೆ ಎಸಿ ಗಾಳಿಯ ತೇವವನ್ನು ಹಿಂಡಿ ತೆಗೆಯುತ್ತದೆ. ಅಮೆರಿಕ, ಕೆನಡಾದ ಕನ್ನಡಿಗರಿಗೆ ಚಳಿಗಾಲದಲ್ಲಿ ಮನೆಯೊಳಗಿನ ಹೀಟರ್ ಇದೇ ಕೆಲಸವನ್ನು ಇನ್ನೂ ಜೋರಾಗಿ ಮಾಡುತ್ತದೆ. ಊರಿನಿಂದ ಒಯ್ದ ಜೆಲ್ ಅಲ್ಲಿ ಸಾಲುವುದಿಲ್ಲ.

ಹಂತ 5: ಟ್ಯೂಬಿನ ಹಿಂಬದಿಯನ್ನು ಓದಿ

ಭಾರತದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಶೇ. 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕಡಿಮೆಯಿರುವವನ್ನು ಆಮೇಲೆ ಯಾವ ಕ್ರಮದಲ್ಲಾದರೂ ಬರೆಯಬಹುದು. ಈ ಒಂದು ನಿಯಮ ಗೊತ್ತಿದ್ದರೆ ಪಟ್ಟಿ ಮಾತನಾಡತೊಡಗುತ್ತದೆ.

ಒಂದು ಉದಾಹರಣೆ ನೋಡೋಣ. ಮುಂಬದಿಯಲ್ಲಿ ಕೇಸರಿ ಮತ್ತು ಬಾದಾಮಿಯ ಚಿತ್ರವಿರುವ ಕ್ರೀಮ್ ಒಂದರ ಪಟ್ಟಿ ಹೀಗಿದೆ ಎಂದುಕೊಳ್ಳಿ: ಅಕ್ವಾ, ಮಿನರಲ್ ಆಯಿಲ್, ಗ್ಲಿಸರಿನ್, ಸೀಟೈಲ್ ಆಲ್ಕೋಹಾಲ್, ಡೈಮೆಥಿಕೋನ್, ಫೀನಾಕ್ಸಿಎಥನಾಲ್, ಪರ್ಫ್ಯೂಮ್, ಬಾದಾಮಿ ಎಣ್ಣೆ, ಕೇಸರಿ ಸಾರ. ಅಕ್ವಾ ಎಂದರೆ ನೀರು. ಮಿನರಲ್ ಆಯಿಲ್ ಎಂದರೆ ಪೆಟ್ರೋಲಿಯಂನಿಂದ ತೆಗೆದ ಎಣ್ಣೆ, ಪೆಟ್ರೋಲೇಟಂನ ಹಾಗೆಯೇ ಆವಿ ತಡೆಯುವಂಥದು. ಫೀನಾಕ್ಸಿಎಥನಾಲ್ ಎಂಬುದು ಕ್ರೀಮ್ ಕೆಡದಂತೆ ಕಾಯುವ ಸಂರಕ್ಷಕ, ಅದನ್ನು ಶೇ. 1ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಆದ್ದರಿಂದ ಅದರ ನಂತರ ಬಂದ ಬಾದಾಮಿ, ಕೇಸರಿಗಳೆಲ್ಲ ಶೇ. 1ನ್ನು ಮೀರಿರಲಾರವು ಎಂದು ತಿಳಿಯುತ್ತದೆ. ನೀವು ಕೊಳ್ಳುತ್ತಿರುವುದು ಮಿನರಲ್ ಆಯಿಲ್ ಮತ್ತು ಗ್ಲಿಸರಿನ್ ಇರುವ ಕ್ರೀಮನ್ನು. ಅದು ಕೆಟ್ಟದ್ದೇನಲ್ಲ, ಒಣಚರ್ಮಕ್ಕೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಕೇಸರಿಯ ಬೆಲೆ ಕೊಡಬೇಕಾಗಿಲ್ಲ.

ಆಲ್ಕೋಹಾಲ್ ಎಂಬ ಪದ ಕಂಡ ಕೂಡಲೇ ಹೆದರಬೇಡಿ. ಸೀಟೈಲ್, ಸ್ಟಿಯರೈಲ್, ಸೀಟೋಸ್ಟಿಯರೈಲ್ ಆಲ್ಕೋಹಾಲ್‌ಗಳು ಮೇಣದಂಥ ಕೊಬ್ಬುಗಳು, ಚರ್ಮವನ್ನು ಮೃದುವಾಗಿಸುತ್ತವೆ. ಪಟ್ಟಿಯ ಮೊದಲ ನಾಲ್ಕೈದು ಹೆಸರುಗಳಲ್ಲಿ ಆಲ್ಕೋಹಾಲ್ ಡಿನ್ಯಾಟ್ ಅಥವಾ ಎಥನಾಲ್ ಇದ್ದರೆ ಮಾತ್ರ ಒಣ ಮತ್ತು ಸೂಕ್ಷ್ಮ ಚರ್ಮದವರು ದೂರವಿರಬೇಕು. ಪರ್ಫ್ಯೂಮ್, ಪಾರ್ಫಮ್, ಫ್ರೇಗ್ರೆನ್ಸ್ ಎಂದು ಎಲ್ಲಿ ಕಂಡರೂ ಅದು ಸುವಾಸನೆಯೇ. ಕ್ರೀಮ್‌ಗಳಿಂದಾಗುವ ಅಲರ್ಜಿಗೆ ಅದು ಮುಖ್ಯ ಕಾರಣಗಳಲ್ಲೊಂದು. ಅನ್‌ಸೆಂಟೆಡ್ ಎಂದು ಬರೆದಿದ್ದರೆ ವಾಸನೆ ತಿಳಿಯದಂತೆ ಮುಚ್ಚಲು ಬೇರೆ ಸುಗಂಧ ಬೆರೆಸಿರುವ ಸಾಧ್ಯತೆಯಿದೆ, ಫ್ರೇಗ್ರೆನ್ಸ್ ಫ್ರೀ ಎಂದಿದ್ದರೆ ಒಳ್ಳೆಯದು. ನಾನ್ ಕಾಮಡೋಜೆನಿಕ್, ಅಂದರೆ ರಂಧ್ರ ಕಟ್ಟಿಸದು, ಎಂಬ ಮಾತಿಗೆ ಕಾನೂನಿನ ಅಳತೆಗೋಲು ಇಲ್ಲ. ಅದನ್ನು ತಯಾರಕರ ಭರವಸೆಯೆಂದಷ್ಟೇ ತಿಳಿಯಿರಿ. ನ್ಯಾಚುರಲ್, ಹರ್ಬಲ್ ಎಂಬವೂ ಸುರಕ್ಷತೆಯ ಪ್ರಮಾಣಪತ್ರಗಳಲ್ಲ. ಗಿಡಮೂಲಿಕೆಯ ತೈಲಗಳಿಂದಲೂ ಅಲರ್ಜಿಯಾಗುತ್ತದೆ.

ಪಟ್ಟಿಯೇ ಇಲ್ಲದ, ತಯಾರಕರ ವಿಳಾಸ ಮತ್ತು ಪರವಾನಗಿ ಸಂಖ್ಯೆಯಿಲ್ಲದ ಡಬ್ಬಿಯನ್ನು ಯಾರು ಎಷ್ಟು ಹೊಗಳಿದರೂ ಕೊಳ್ಳಬೇಡಿ.

ಹಂತ 6: ಮೊದಲು ಕೈಯ ಮೇಲೆ ಪರೀಕ್ಷಿಸಿ

ಸಿಗುವುದರಲ್ಲಿ ಸಣ್ಣ ಪ್ಯಾಕನ್ನೇ ತನ್ನಿ. ಮೊಣಕೈಯ ಒಳಮಡಿಕೆಯ ಹತ್ತಿರ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಬಾರಿ, ಏಳರಿಂದ ಹತ್ತು ದಿನ ಹಚ್ಚಿ. ಅಂಗಡಿಯಲ್ಲಿ ಮುಂಗೈಗೆ ಸವರಿ ಐದು ನಿಮಿಷ ನೋಡುವುದರಿಂದ ಅಂಟು ಮತ್ತು ವಾಸನೆ ತಿಳಿಯಬಹುದೇ ಹೊರತು ಅಲರ್ಜಿ ತಿಳಿಯುವುದಿಲ್ಲ; ಸಂಪರ್ಕದಿಂದಾಗುವ ಅಲರ್ಜಿ ಕಾಣಿಸಿಕೊಳ್ಳಲು ಎರಡು ಮೂರು ದಿನ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ಅಲ್ಲಿ ತುರಿಕೆ ಬಾರದಿದ್ದರೆ ದವಡೆಯ ಒಂದು ಬದಿಗೆ ಮೂರ್ನಾಲ್ಕು ದಿನ ಹಚ್ಚಿ ನೋಡಿ, ಬಳಿಕ ಮುಖಕ್ಕೆ. ಮದುವೆ, ಸಮಾರಂಭದ ಹಿಂದಿನ ವಾರ ಹೊಸ ಕ್ರೀಮ್ ಆರಂಭಿಸಬೇಡಿ.

ಹಂತ 7: ಸರಿಯಾಗಿ ಹಚ್ಚಿ

ಮುಖ ತೊಳೆದು ಒರೆಸಿದ ಮೇಲೆ, ಚರ್ಮ ತುಸು ತೇವವಿರುವಾಗಲೇ ಹಚ್ಚಬೇಕು. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಹಿಂಡಿದ ಗೆರೆಯ ತೂಕ ಸುಮಾರು ಅರ್ಧ ಗ್ರಾಂ. ಮುಖಕ್ಕೆ ಒಮ್ಮೆಗೆ ಅಷ್ಟು ಸಾಕು. ದಿನಕ್ಕೆರಡು ಬಾರಿ ಹಚ್ಚಿದರೆ 50 ಗ್ರಾಂ ಟ್ಯೂಬ್ ಸುಮಾರು 50 ದಿನ ಬರುತ್ತದೆ. ಎರಡು ಕ್ರೀಮ್‌ಗಳ ಬೆಲೆ ಹೋಲಿಸುವಾಗ ಡಬ್ಬಿಯ ಗಾತ್ರ ನೋಡದೆ, ಈ ಲೆಕ್ಕದಲ್ಲಿ ದಿನಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ನೋಡಿ. ಎರಡು ತಿಂಗಳು ಮೀರಿ ಕೊಳ್ಳಲಾಗದಷ್ಟು ದುಬಾರಿಯಾದ ಕ್ರೀಮ್ ನಿಮ್ಮ ಚರ್ಮಕ್ಕೆ ಉಪಯೋಗವಿಲ್ಲ.

ಹಗಲಿನಲ್ಲಿ ಮಾಯಿಶ್ಚರೈಸರ್ ಮೊದಲು, ಸನ್‌ಸ್ಕ್ರೀನ್ ಅದರ ಮೇಲೆ. ಎಸ್‌ಪಿಎಫ್, ಅಂದರೆ ಬಿಸಿಲಿನಿಂದ ರಕ್ಷಣೆಯ ಅಳತೆ, ಬರೆದಿರುವ ಮಾಯಿಶ್ಚರೈಸರ್ ಒಂದೇ ಸಾಕೇ ಎಂದು ಕೇಳುವವರಿದ್ದಾರೆ. ಬರೆದಿರುವಷ್ಟು ರಕ್ಷಣೆ ಸಿಗಬೇಕಾದರೆ ಸನ್‌ಸ್ಕ್ರೀನಿನಷ್ಟೇ ಧಾರಾಳವಾಗಿ, ಎರಡು ಬೆರಳುದ್ದ ಹಚ್ಚಬೇಕು. ಮಾಯಿಶ್ಚರೈಸರನ್ನು ಯಾರೂ ಅಷ್ಟು ಹಚ್ಚುವುದಿಲ್ಲ. ಬಿಸಿಲಿನಲ್ಲಿ ತಿರುಗುವವರು ಪ್ರತ್ಯೇಕ ಸನ್‌ಸ್ಕ್ರೀನ್ ಬಳಸುವುದೇ ಮೇಲು. ಗಡ್ಡ ಬೋಳಿಸುವ ಗಂಡಸರು ಆ ಜಾಗಕ್ಕೆ ಸ್ಪಿರಿಟ್ ಇರುವ ಆಫ್ಟರ್‌ಶೇವ್ ಬದಲು ಸುವಾಸನೆಯಿಲ್ಲದ ಲೋಷನ್ ಹಚ್ಚಿದರೆ ಉರಿ ಮತ್ತು ಗುಳ್ಳೆ ಕಡಿಮೆಯಾಗುತ್ತವೆ.

ಹಂತ 8: ನಾಲ್ಕು ವಾರ ಕೊಟ್ಟು ತೀರ್ಮಾನಿಸಿ

ಬಿಗಿತ ಮೊದಲ ದಿನವೇ ಹೋಗಬೇಕು. ಸಿಪ್ಪೆ ಏಳುವುದು ಒಂದೆರಡು ವಾರದಲ್ಲಿ ನಿಲ್ಲಬೇಕು. ಮೊಡವೆ ಬರುತ್ತದೆಯೋ ಇಲ್ಲವೋ ಎಂಬುದನ್ನು ಹೇಳಲು ಮಾತ್ರ ಸುಮಾರು ನಾಲ್ಕು ವಾರ ಬೇಕು, ಏಕೆಂದರೆ ಕಟ್ಟಿದ ರಂಧ್ರ ಕಣ್ಣಿಗೆ ಕಾಣುವ ಗುಳ್ಳೆಯಾಗಲು ಸಮಯ ಹಿಡಿಯುತ್ತದೆ. ಈ ಅವಧಿಯಲ್ಲಿ ಫೇಸ್ ವಾಶ್, ಸೀರಮ್, ಸನ್‌ಸ್ಕ್ರೀನ್ ಯಾವುದನ್ನೂ ಬದಲಿಸಬೇಡಿ. ಒಟ್ಟಿಗೆ ಮೂರು ಹೊಸದನ್ನು ಆರಂಭಿಸಿದರೆ ಒಳ್ಳೆಯದು ಯಾವುದರಿಂದ, ಕೆಟ್ಟದ್ದು ಯಾವುದರಿಂದ ಎಂದು ಯಾರೂ ಹೇಳಲಾರರು.

ಹಿಂದೆ ಎಂದೂ ಮೊಡವೆ ಬಾರದ ಜಾಗದಲ್ಲಿ ಸಣ್ಣ ಗುಳ್ಳೆಗಳು ಏಳತೊಡಗಿದರೆ ಒಂದು ಮೆಟ್ಟಿಲು ಹಗುರವಾದದ್ದಕ್ಕೆ ಇಳಿಯಿರಿ. “ಒಳಗಿನ ಕೊಳೆ ಹೊರಬರುತ್ತಿದೆ, ಮುಂದುವರಿಸಿ” ಎಂದು ಮಾರುವವರು ಹೇಳಬಹುದು. ಟ್ರೆಟಿನಾಯಿನ್‌ನಂಥ ಔಷಧ ಆರಂಭಿಸಿದಾಗ ಮೊಡವೆ ಕೆಲಕಾಲ ಹೆಚ್ಚುವುದುಂಟು. ಬರಿಯ ಮಾಯಿಶ್ಚರೈಸರಿಗೆ ಆ ಮಾತು ಅನ್ವಯಿಸುವುದಿಲ್ಲ. ಹಚ್ಚಿದ ಮೇಲೂ ಮಧ್ಯಾಹ್ನದ ಹೊತ್ತಿಗೆ ಬಿಗಿತ ಬಂದರೆ ಒಂದು ಮೆಟ್ಟಿಲು ಭಾರವಾದದ್ದಕ್ಕೆ ಏರಿ, ಅಥವಾ ರಾತ್ರಿ ಅದರ ಮೇಲೆ ಒಣಗಿದ ಜಾಗಕ್ಕೆ ಮಾತ್ರ ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಸವರಿ.

ಖಂಡಿತ ಹಚ್ಚಬಾರದವು

ಇದನ್ನು ದಯವಿಟ್ಟು ಗಂಭೀರವಾಗಿ ಓದಿ. ಬಂಗು, ಮೊಡವೆ ಕಲೆ, ಬಣ್ಣ ಎಂದು ಅಂಗಡಿಯಲ್ಲಿ ಹೇಳಿದಾಗ ಕೆಲವರು ಕೈಗಿಡುವ ಟ್ಯೂಬಿನಲ್ಲಿ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಸ್ಟೀರಾಯ್ಡ್‌ಗಳಿರುತ್ತವೆ. ಇವು ವೈದ್ಯರು ನಿರ್ದಿಷ್ಟ ಕಾಯಿಲೆಗೆ, ನಿರ್ದಿಷ್ಟ ದಿನಗಳಿಗೆ ಕೊಡುವ ಔಷಧಗಳು. ಮೊದಲ ವಾರಗಳಲ್ಲಿ ಮುಖ ತಿಳಿಯಾಗಿ ನುಣುಪಾಗಿ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದಾಗ ಚರ್ಮ ತೆಳುವಾಗಿ, ರಕ್ತನಾಳಗಳು ಕಾಣತೊಡಗಿ, ಬಿಸಿಲು ತಾಗಿದರೆ ಉರಿದು, ಗುಳ್ಳೆಗಳೂ ಬೇಡದ ಕೂದಲೂ ಬರುತ್ತವೆ. ಬಿಟ್ಟರೆ ಉರಿ ಇನ್ನೂ ಹೆಚ್ಚಾಗುವುದರಿಂದ ಜನ ಅದನ್ನೇ ಮತ್ತೆ ಹಚ್ಚುತ್ತಾರೆ. ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿಗೊಳಿಸಿತು. ಆದರೂ ಚೀಟಿ ಕೇಳದೆ ಕೊಡುವವರಿದ್ದಾರೆ, ಆದ್ದರಿಂದ ಟ್ಯೂಬಿನ ಮೇಲೆ ಈ ಹೆಸರುಗಳಿವೆಯೇ ಎಂದು ನೀವೇ ನೋಡಿಕೊಳ್ಳಬೇಕು. ಈಗಾಗಲೇ ಬಹುಕಾಲದಿಂದ ಹಚ್ಚುತ್ತಿದ್ದರೆ ಒಮ್ಮೆಲೇ ನಿಲ್ಲಿಸದೆ ಚರ್ಮರೋಗ ತಜ್ಞರನ್ನು ಕಂಡು ಅವರು ಹೇಳಿದಂತೆ ಬಿಡಿ.

ಕೆಲವೇ ದಿನಗಳಲ್ಲಿ ಬೆಳ್ಳಗಾಗಿಸುವ, ಎಲ್ಲಿ ತಯಾರಾಯಿತೆಂದೇ ತಿಳಿಯದ ಕ್ರೀಮ್‌ಗಳಲ್ಲಿ ಪಾದರಸ ಇರುವ ಅಪಾಯವೂ ಇದೆ. ಅದು ಚರ್ಮದ ಮೂಲಕ ಒಳಗೆ ಹೋಗಿ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಇಂಥ ಕ್ರೀಮ್ ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆ ಪತ್ತೆಯಾಗಿತ್ತು.

ವೈದ್ಯರನ್ನು ಯಾವಾಗ ಕಾಣಬೇಕು?

ಕಣ್ಣಿನ ರೆಪ್ಪೆ ಊದಿಕೊಂಡರೆ ಅಥವಾ ನೀರು ಸೋರುವ ಗುಳ್ಳೆಗಳೆದ್ದರೆ ಅದೇ ದಿನ ಹೋಗಿ. ಕ್ರೀಮ್ ಹಚ್ಚಿದ ಜಾಗವನ್ನು ಮೀರಿ ತುರಿಕೆ ಹರಡಿದರೆ, ಸಿಪ್ಪೆ ಏಳುವುದು ನಾಲ್ಕು ವಾರದ ಆರೈಕೆಗೂ ಜಗ್ಗದಿದ್ದರೆ, ಅಂಚು ಉಬ್ಬಿದ ದುಂಡು ಕಲೆಗಳು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ದುಬಾರಿ ಆಸ್ಪತ್ರೆಯೇ ಆಗಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲೂ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ಚರ್ಮರೋಗ ವಿಭಾಗವಿರುತ್ತದೆ. ಹೋಗುವಾಗ ಮುಖಕ್ಕೂ ತಲೆಗೂ ಹಚ್ಚುವ ಎಲ್ಲ ಟ್ಯೂಬ್, ಸೋಪು, ಎಣ್ಣೆಗಳನ್ನು, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಡಬ್ಬಿ ಬಿಸಾಡಿದ್ದರೆ ಅದರ ಹೆಸರನ್ನೂ, ಎಷ್ಟು ಕಾಲ ಹಚ್ಚಿದ್ದೀರಿ ಎಂಬುದನ್ನೂ ಚೀಟಿಯಲ್ಲಿ ಬರೆದುಕೊಳ್ಳಿ, ಮತ್ತು ಆ ದಿನ ಬೆಳಿಗ್ಗೆ ಮುಖಕ್ಕೆ ಏನನ್ನೂ ಹಚ್ಚದೆ ಹೋಗಿ.